ಸಂತ ಅಗಸ್ಟೀನರು ಮತ್ತು ಅಂತ್ಯಕಾಲದ ಪ್ರವಾದನೆ

ಧರ್ಮಸಭೆಯ ಮಹಾಪಂಡಿತರಲ್ಲಿ ಅಗ್ರಗಣ್ಯರಾದ ಸಂತ ಅಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಅಂದರೆ ಇಂದಿನ ಆಲ್ಜೀರಿಯದಲ್ಲಿ, ಜನಿಸಿದರು. ಯೌವನದಲ್ಲಿ ದಾರಿತಪ್ಪಿ ಅಲೆದ ಅವರಿಗಾಗಿ ತಾಯಿ ಸಂತ ಮೋನಿಕಾ ಕಣ್ಣೀರಿನಿಂದ ಪ್ರಾರ್ಥಿಸಿದರು. 387ರ ಪಾಸ್ಕ ಹಬ್ಬದಂದು ಮಿಲಾನಿನ ಬಿಷಪ್ ಸಂತ ಅಂಬ್ರೋಸರಿಂದ ಅವರು ಜ್ಞಾನಸ್ನಾನ ಪಡೆದರು. 391ರಲ್ಲಿ ಹಿಪ್ಪೊ ಪಟ್ಟಣದಲ್ಲಿ ಗುರುಪಟ್ಟ ಸ್ವೀಕರಿಸಿ, ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಬಿಷಪರಾದರು. ಈ ಕಥೆ ಭಕ್ತಾದಿಗಳಿಗೆಲ್ಲ ಚಿರಪರಿಚಿತ. ಆದರೆ ಲೋಕಾಂತ್ಯದ ಪ್ರವಾದನೆಗಳನ್ನು ಓದುವ ವಿಷಯದಲ್ಲಿಯೂ ಅವರು ಮನಸ್ಸು ತಿರುಗಿಸಿಕೊಂಡವರೆಂಬುದನ್ನು ಬಲ್ಲವರು ವಿರಳ.

ಪ್ರಕಟನಾ ಗ್ರಂಥದ 20ನೆಯ ಅಧ್ಯಾಯದಲ್ಲಿ ಸೈತಾನನು ಸಾವಿರ ವರ್ಷ ಬಂಧಿತನಾಗಿರುವನೆಂದೂ, ಸಂತರು ಅಷ್ಟು ಕಾಲ ಕ್ರಿಸ್ತರೊಡನೆ ಆಳುವರೆಂದೂ ಬರೆದಿದೆ. ಎರಡನೆಯ ಶತಮಾನದ ಸಂತ ಇರಿನೇಯರಂತಹ ಪೂಜ್ಯರು ಇದನ್ನು ಅಕ್ಷರಶಃ ಗ್ರಹಿಸಿ, ಪ್ರಭುವಿನ ಪುನರಾಗಮನದ ಬಳಿಕ ಈ ಭೂಮಿಯ ಮೇಲೆಯೇ ಸಮೃದ್ಧಿಯ ರಾಜ್ಯವೊಂದು ಸ್ಥಾಪನೆಯಾಗುವುದೆಂದು ನಂಬಿದ್ದರು. ಅಗಸ್ಟೀನರೂ ಮೊದಲು ಇದಕ್ಕೆ ಸಮೀಪದ ಅಭಿಪ್ರಾಯವನ್ನೇ ತಳೆದಿದ್ದರು. ಮುಂದೆ ಅದನ್ನು ಕೈಬಿಟ್ಟರು. ಕೈಬಿಟ್ಟುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು.

ಈ ಬದಲಾವಣೆಗೆ ನೆರವಾದವರಲ್ಲಿ ತಿಕೋನಿಯಸ್ ಎಂಬ ಆಫ್ರಿಕದ ವಿದ್ವಾಂಸರು ಮುಖ್ಯರು. ಅವರು ಧರ್ಮಸಭೆಯಿಂದ ಬೇರ್ಪಟ್ಟಿದ್ದ ದೊನಾತಿಯ ಪಂಥದವರು. ಆ ಪಂಥದೊಡನೆ ಅಗಸ್ಟೀನರು ದೀರ್ಘಕಾಲ ವಾದಿಸಿದರು. ಆದರೂ ಪವಿತ್ರ ಗ್ರಂಥವನ್ನು ಅರ್ಥೈಸಲು ತಿಕೋನಿಯಸರು ರಚಿಸಿದ್ದ ಏಳು ನಿಯಮಗಳನ್ನು, ಅವುಗಳ ಕುಂದುಗಳನ್ನೂ ತೋರಿಸಿ, ತಮ್ಮ ಗ್ರಂಥದಲ್ಲಿ ಸೇರಿಸಿಕೊಂಡರು. ಸತ್ಯ ಎಲ್ಲಿ ದೊರೆತರೂ ಅದು ದೇವರದೇ ಎಂಬುದು ಅವರ ನಿಲುವು.

410ರ ಆಗಸ್ಟ್ ತಿಂಗಳಲ್ಲಿ ಅಲಾರಿಕನ ಸೈನ್ಯ ರೋಮ್ ನಗರವನ್ನು ಸೂರೆಗೊಂಡಿತು. ನಿರಾಶ್ರಿತರು ಸಮುದ್ರ ದಾಟಿ ಆಫ್ರಿಕಕ್ಕೆ ಬಂದರು. ಲೋಕವೇ ಮುಗಿಯಿತೆಂದು ಹಲವರು ಭೀತರಾದರು. ಹಳೆಯ ದೇವತೆಗಳನ್ನು ತೊರೆದುದೇ ಈ ದುರಂತಕ್ಕೆ ಕಾರಣವೆಂದು ಅನ್ಯರು ದೂರಿದರು. ಇದಕ್ಕೆ ಉತ್ತರವಾಗಿ ಅಗಸ್ಟೀನರು 413ರ ಸುಮಾರಿಗೆ ದೇವನಗರವೆಂಬ ಮಹಾಗ್ರಂಥವನ್ನು ಆರಂಭಿಸಿ, ಹದಿಮೂರು ವರ್ಷಗಳಿಗೂ ಮೀರಿ ಶ್ರಮಿಸಿ, 22 ಸಂಪುಟಗಳಲ್ಲಿ ಪೂರೈಸಿದರು. ಅದರ 20ನೆಯ ಸಂಪುಟದಲ್ಲಿ ಸಾವಿರ ವರ್ಷಗಳೆಂದರೆ ಕ್ರಿಸ್ತರ ಮೊದಲ ಆಗಮನದಿಂದ ಅಂತಿಮ ತೀರ್ಪಿನವರೆಗಿನ ಧರ್ಮಸಭೆಯ ಕಾಲವೆಂದು ವಿವರಿಸಿದರು. ಮೊದಲನೆಯ ಪುನರುತ್ಥಾನವು ಪಾಪದಿಂದ ಆತ್ಮ ಎದ್ದೇಳುವುದು. ಎರಡನೆಯದು ಕಡೆಯ ದಿನದಂದು ದೇಹದ ಪುನರುತ್ಥಾನ.

418ರಲ್ಲಿ ಸೂರ್ಯಗ್ರಹಣವೊಂದು ಜನರ ಭಯವನ್ನು ಹೆಚ್ಚಿಸಿತು. ಆ ದಿನಗಳಲ್ಲಿ ದಲ್ಮಾತಿಯದ ಸಲೋನ ನಗರದ ಬಿಷಪ್ ಹೆಸಿಕಿಯಸರು, ದಾನಿಯೇಲನ ಪ್ರವಾದನೆಯ ವಾರಗಳಿಂದಲೂ ಆಕಾಶದ ಸೂಚನೆಗಳಿಂದಲೂ ಅಂತ್ಯದ ಸಾಮೀಪ್ಯವನ್ನು ಅರಿಯಬಹುದೆಂದು ಪತ್ರ ಬರೆದರು. ಆ ವಾರಗಳು ಪ್ರಭುವಿನ ಮೊದಲ ಆಗಮನದಲ್ಲಿಯೇ ನೆರವೇರಿದವು, ಯುದ್ಧ ಗ್ರಹಣಗಳು ಎಲ್ಲ ಕಾಲಕ್ಕೂ ಉಂಟು, ಆಫ್ರಿಕದಲ್ಲಿಯೇ ಶುಭಸಂದೇಶ ಕೇಳದ ಜನಾಂಗಗಳಿವೆ ಎಂದು ಅಗಸ್ಟೀನರು ವಿನಯದಿಂದ ಉತ್ತರಿಸಿದರು. ಒಡೆಯನು ಬೇಗ ಬರುವನೆನ್ನುವ ಸೇವಕ, ತಡವಾಗಿ ಬರುವನೆನ್ನುವ ಸೇವಕ, ತನಗೆ ತಿಳಿಯದೆನ್ನುವ ಸೇವಕ, ಈ ಮೂವರೂ ಎಚ್ಚರದಿಂದಿದ್ದು ಒಡೆಯನನ್ನು ಪ್ರೀತಿಸಬಲ್ಲರು. ಆದರೆ ಮೂರನೆಯವನು ತಪ್ಪು ನುಡಿಯುವ ಭಯವಿಲ್ಲದವನು ಎಂದು ತಿಳಿಸಿದರು.

ಈ ಬೋಧನೆ ಅವರಿಗೇ ಪರೀಕ್ಷೆಯಾಗಿ ಬಂದಿತು. 430ರಲ್ಲಿ ವ್ಯಾಂಡಲರು ಹಿಪ್ಪೊ ಪಟ್ಟಣವನ್ನು ಮುತ್ತಿದರು. ವೃದ್ಧ ಬಿಷಪರು ಜ್ವರದಿಂದ ಹಾಸಿಗೆ ಹಿಡಿದರು. ಅವರು ದಿನ ಗಣಿಸಲಿಲ್ಲ. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ಅಂಟಿಸಿಕೊಂಡು, ಓದುತ್ತ ಕಣ್ಣೀರಿಡುತ್ತ, ಆಗಸ್ಟ್ 28ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಕಟನಾ ಗ್ರಂಥವನ್ನು ಅಕ್ಷರಶಃ ಓದಿ ಭೂಮಿಯ ಮೇಲಿನ ಸಾವಿರ ವರ್ಷಗಳ ರಾಜ್ಯವನ್ನು ನಿರೀಕ್ಷಿಸುವ ಕ್ರೈಸ್ತ ಪಂಗಡಗಳು ಇಂದಿಗೂ ಇವೆ. ಕಥೋಲಿಕ ಧರ್ಮಸಭೆ ಆ ಬೋಧನೆಯನ್ನು ಅಂಗೀಕರಿಸಿಲ್ಲ. 1992ರ ಧರ್ಮೋಪದೇಶ ಗ್ರಂಥವೂ ಇದನ್ನೇ ಸ್ಪಷ್ಟಪಡಿಸಿದೆ. ಅಗಸ್ಟೀನರ ದೃಷ್ಟಿಯಲ್ಲಿ ನೋಡಿದರೆ ನಮ್ಮ ದೇವಾಲಯದ ಈ ನೂರು ವರ್ಷಗಳೂ ಆ ಸಾವಿರ ವರ್ಷಗಳೊಳಗಿನವೇ. ಇಲ್ಲಿ ಜ್ಞಾನಸ್ನಾನ ಪಡೆದ ಪ್ರತಿಯೊಂದು ಶಿಶುವೂ ಮೊದಲನೆಯ ಪುನರುತ್ಥಾನದಲ್ಲಿ ಪಾಲುಗೊಂಡಿದೆ. ಒಡೆಯನು ಬರುವ ಗಳಿಗೆ ನಮಗೆ ತಿಳಿಯದು. ಆತನು ಬಂದಾಗ ದೀಪ ಉರಿಯುತ್ತಿರಲೆಂಬುದೇ ನಮ್ಮ ಪ್ರಾರ್ಥನೆಯಾಗಲಿ.