ಕಣ್ಣಿತ್ತು ಗುರುವನ್ನು ಕಾಯ್ದ ಕವಿ: ಶ್ರೀ ಕೂರೇಶರು

ಪಾಂಡವಪುರ ತಾಲ್ಲೂಕಿನ ತೊಣ್ಣೂರು ನಮ್ಮ ಸೀಮೆಯ ಪುರಾತನ ಗ್ರಾಮಗಳಲ್ಲಿ ಒಂದು. ಬೆಟ್ಟಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಅಲ್ಲಿಯ ಕೆರೆಯ ತಿಳಿನೀರನ್ನು ಕಂಡು ಬೆರಗಾದ ದಖನ್ನಿನ ಸುಬೇದಾರ ನಾಸಿರ್ ಜಂಗನು 1746ರಲ್ಲಿ ಅದಕ್ಕೆ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟನೆಂದು ಪ್ರಸಿದ್ಧಿ. ಊರಿನಲ್ಲಿ ನಂಬಿನಾರಾಯಣ, ವೇಣುಗೋಪಾಲ, ಯೋಗನರಸಿಂಹ ಎಂಬ ಮೂರು ಗುಡಿಗಳಿವೆ. ಯೋಗನರಸಿಂಹನ ಗುಡಿಯಲ್ಲಿ ಹಾವಿನ ಹೆಡೆಗಳ ನೆರಳಿನಲ್ಲಿ ಕುಳಿತಿರುವ ಶ್ರೀ ರಾಮಾನುಜಾಚಾರ್ಯರ ಗಾರೆಯ ವಿಗ್ರಹವೊಂದಿದೆ. ವಾದಕ್ಕೆ ಬಂದ ಸಹಸ್ರ ಪಂಡಿತರಿಗೆ ಆಚಾರ್ಯರು ತೆರೆಯ ಮರೆಯಲ್ಲಿ ಆದಿಶೇಷರೂಪವನ್ನು ತಾಳಿ ಏಕಕಾಲದಲ್ಲಿ ಉತ್ತರವಿತ್ತರೆಂಬ ಐತಿಹ್ಯವನ್ನು ಆ ವಿಗ್ರಹವು ನೆನಪಿಸುತ್ತದೆ.

ಪ್ರವಾಸಕ್ಕೆ ಹೋದವರು ಇಷ್ಟನ್ನು ನೋಡಿ, ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತಾರೆ. ಆದರೆ ಕಾವೇರೀತೀರದ ಶ್ರೀರಂಗದಲ್ಲಿ ಮಠವನ್ನು ಕಟ್ಟಿಕೊಂಡು ಸಾವಿರಾರು ಶಿಷ್ಯರ ನಡುವೆ ಇದ್ದ ಆ ಯತಿಗಳು ಮುಪ್ಪಿನಲ್ಲಿ ಕಾಡುಮೇಡುಗಳನ್ನು ದಾಟಿ ಈ ಊರಿಗೆ ಬರಬೇಕಾದುದೇಕೆ, ಅವರು ಕ್ಷೇಮವಾಗಿ ಇಲ್ಲಿಗೆ ತಲುಪಲು ಅಲ್ಲಿ ತೆತ್ತ ಬೆಲೆ ಏನು, ತೆತ್ತವರು ಯಾರು ಎಂದು ಕೇಳುವವರು ವಿರಳ. ಆ ಬೆಲೆ ಎರಡು ಕಣ್ಣುಗಳು. ತೆತ್ತವರು ಮಹಾಕವಿ ಶ್ರೀ ಕೂರೇಶರು. ಅವರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕೂರೇಶರ ಜೀವನವನ್ನು ನಮಗೆ ತಿಳಿಸುವ ಆಧಾರಗಳು ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳು. ಅವು ಭಕ್ತರು ಭಕ್ತರಿಗಾಗಿ ಬರೆದ ಕೃತಿಗಳು. ಘಟನೆ ನಡೆದ ಎಷ್ಟೋ ಕಾಲದ ಮೇಲೆ ಬರೆದವು. ಆದುದರಿಂದ ಅವುಗಳಲ್ಲಿಯ ಅದ್ಭುತಾಂಶಗಳನ್ನು ಭಕ್ತಿಯ ಮಾತೆಂದು ತಿಳಿದು, ಅವುಗಳ ಹಿಂದೆ ಕಾಣುವ ಮನುಷ್ಯನನ್ನು ನಾವು ಗುರುತಿಸಬೇಕು.

ಕಾಂಚೀಪುರದ ಬಳಿ ಕೂರಂ ಎಂಬ ಗ್ರಾಮ. ಸಂಪ್ರದಾಯದ ಗಣನೆಯಂತೆ ಕ್ರಿ.ಶ. 1010ರಲ್ಲಿ, ಪುಷ್ಯಮಾಸದ ಹಸ್ತಾ ನಕ್ಷತ್ರದಲ್ಲಿ, ಹಾರೀತಗೋತ್ರದ ಸಂಪನ್ನ ಕುಲವೊಂದರಲ್ಲಿ ಅವರು ಜನಿಸಿದರು. ಶ್ರೀವತ್ಸಾಂಕಮಿಶ್ರರೆಂಬುದು ಅವರ ಹೆಸರು. ಊರಿನಿಂದಾಗಿ ಕೂರತ್ತಾಳ್ವಾನ್ ಅಥವಾ ಕೂರೇಶರೆಂದು ಪ್ರಸಿದ್ಧರಾದರು. ಸಂಪ್ರದಾಯವು ರಾಮಾನುಜರ ಜನನವನ್ನು 1017ಕ್ಕೆ ಹೇಳುವುದರಿಂದ ಶಿಷ್ಯರೇ ಗುರುವಿಗಿಂತ ಏಳು ವರ್ಷ ಹಿರಿಯರು! ವಯಸ್ಸಿನಲ್ಲಿ ತಮಗಿಂತ ಕಿರಿಯರಾದವರ ಅಡಿಗೆ ಎರಗುವುದಕ್ಕೆ ವಿದ್ಯೆಯೊಂದೇ ಸಾಲದು, ವಿನಯವೂ ಬೇಕು. ಅದು ಅವರಲ್ಲಿ ಸಹಜವಾಗಿತ್ತು.

ಕೂರೇಶರ ಮನೆ ಅನ್ನದಾನಕ್ಕೆ ಹೆಸರಾದುದು. ಹಗಲೆಲ್ಲ ಅತಿಥಿಗಳಿಗೆ ಉಣಬಡಿಸಿ ಇರುಳು ಮುಚ್ಚುವ ಆ ಮನೆಯ ಹೆಬ್ಬಾಗಿಲಿನ ಸದ್ದು ಕಂಚಿಯ ವರದರಾಜನ ಸನ್ನಿಧಿಗೂ ಕೇಳಿಸುತ್ತಿತ್ತಂತೆ. ತಮ್ಮ ಸಿರಿಯ ಸದ್ದು ದೇವರ ಕಿವಿಗೂ ಬಿದ್ದಿತೆಂದು ತಿಳಿದ ಕೂಡಲೆ ಅವರು ಹಿಗ್ಗಲಿಲ್ಲ, ನಾಚಿದರು. ಇದ್ದುದೆಲ್ಲವನ್ನೂ ದಾನಮಾಡಿ ಮಡದಿ ಆಂಡಾಳಮ್ಮನವರೊಡನೆ ಶ್ರೀರಂಗಕ್ಕೆ ಹೊರಟರು. ಇರುಳಿನಲ್ಲಿ ಕಾಡುದಾರಿ ಹಿಡಿದಾಗ ಆ ಸಾಧ್ವಿಗೆ ಭಯವಾಯಿತು. ಕಾರಣವನ್ನು ವಿಚಾರಿಸಲಾಗಿ, ಪತಿಗೆ ಉಣಬಡಿಸಲೆಂದು ಚಿನ್ನದ ಬಟ್ಟಲೊಂದನ್ನು ಮಡಿಲಿನಲ್ಲಿ ತಂದಿದ್ದುದು ತಿಳಿಯಿತು. ಕೂರೇಶರು ಅದನ್ನು ತೆಗೆದು ಪೊದೆಗೆ ಎಸೆದರು. ಭಯವಿದ್ದುದು ಕಾಡಿನಲ್ಲಿ ಅಲ್ಲ, ಬಟ್ಟಲಿನಲ್ಲಿ. ಶ್ರೀರಂಗದಲ್ಲಿ ಆ ದಂಪತಿಗಳು ಭಿಕ್ಷಾನ್ನದಿಂದ ಜೀವಿಸಿದರು. ಪರಾಶರ ಭಟ್ಟರು, ಶ್ರೀರಾಮಪಿಳ್ಳೆಯೆಂದೂ ಕರೆಯಲ್ಪಡುವ ವೇದವ್ಯಾಸ ಭಟ್ಟರು, ಹೀಗೆ ಇಬ್ಬರು ಮಕ್ಕಳು ಅವರಿಗೆ ಜನಿಸಿದರು.

ಕೂರೇಶರ ಧಾರಣಶಕ್ತಿ ಅಸಾಧಾರಣವಾದುದು. ಬ್ರಹ್ಮಸೂತ್ರಗಳಿಗೆ ಭಾಷ್ಯವನ್ನು ರಚಿಸುವ ಮುನ್ನ ಬೋಧಾಯನವೃತ್ತಿಯನ್ನು ನೋಡಬೇಕೆಂದು ರಾಮಾನುಜರು ಕಾಶ್ಮೀರದವರೆಗೆ ಪ್ರಯಾಣಮಾಡಿದರು. ಕಷ್ಟದಿಂದ ದೊರೆತ ಆ ಗ್ರಂಥವನ್ನು ಅಲ್ಲಿಯವರು ಮರಳಿ ಕಸಿದುಕೊಂಡಾಗ ಆಚಾರ್ಯರು ಕಂಗೆಟ್ಟರು. ಆದರೆ ಗುರುಗಳು ಮಲಗಿದ ಮೇಲೆ ಇರುಳಿರುಳು ಓದಿ ಕೂರೇಶರು ಅದನ್ನು ಕಂಠಸ್ಥಮಾಡಿಕೊಂಡಿದ್ದರು. ಶ್ರೀಭಾಷ್ಯದ ರಚನೆಯಲ್ಲಿ ಅವರೇ ಲಿಪಿಕಾರರು. ಆಚಾರ್ಯರ ಮಾತು ತಮಗೆ ಒಪ್ಪಿಗೆಯಾಗದೆ ಹೋದರೆ ಬರವಣಿಗೆಯನ್ನು ನಿಲ್ಲಿಸಬೇಕೆಂಬುದು ಅವರಿಬ್ಬರ ನಿಬಂಧನೆ. ಜೀವಸ್ವರೂಪವನ್ನು ವಿವರಿಸುವ ಒಂದೆಡೆಯಲ್ಲಿ ಲೇಖನಿ ನಿಂತಿತು. ಆಚಾರ್ಯರು ಕೋಪಗೊಂಡು ಕಾಲಿನಿಂದ ನೂಕಿದರೂ ಕೂರೇಶರು ಕದಲಲಿಲ್ಲ, ಬರೆಯಲೂ ಇಲ್ಲ. ಆಮೇಲೆ ಆಚಾರ್ಯರೇ ಪುನರ್ವಿಚಾರಮಾಡಿ, ಶಿಷ್ಯನ ಮೌನವೇ ಸರಿಯೆಂದು ಒಪ್ಪಿ ತಿದ್ದಿ ಹೇಳಿದರಂತೆ. ಗುರುಭಕ್ತಿಯೆಂದರೆ ಹೇಳಿದುದಕ್ಕೆಲ್ಲ ತಲೆದೂಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂತಹವರ ಬಾಳಿನಲ್ಲಿ ಆ ಕರಾಳ ದಿನವು ಬಂದೊದಗಿತು. ಶಿವನಿಗಿಂತ ಮಿಗಿಲಾದುದಿಲ್ಲವೆಂಬ ವಾಕ್ಯಕ್ಕೆ ತನ್ನ ನಾಡಿನ ವಿದ್ವಾಂಸರೆಲ್ಲರೂ ರುಜು ಹಾಕಬೇಕೆಂದು ಚೋಳ ದೊರೆಯು ಆಜ್ಞಾಪಿಸಿದನು. ಎಷ್ಟು ಮಂದಿ ರುಜುಮಾಡಿದರೂ ರಾಮಾನುಜರೊಬ್ಬರ ರುಜುವಿಲ್ಲದೆ ಅದಕ್ಕೆ ಬೆಲೆಯಿಲ್ಲವೆಂದು ಕಿವಿಯೂದಿದವನು ಮಂತ್ರಿ ನಾಲೂರಾನ್. ಅವನು ಕೂರೇಶರ ಶಿಷ್ಯನೇ ಆಗಿದ್ದನೆಂಬುದು ವಿಧಿಯ ವೈಚಿತ್ರ್ಯ. ರಾಜಭಟರು ಶ್ರೀರಂಗದ ಮಠದ ಬಾಗಿಲಿಗೆ ಬಂದರು. ಆಚಾರ್ಯರು ಸ್ನಾನಕ್ಕೆ ಹೋಗಿದ್ದ ಸಮಯ. ಕೂರೇಶರು ಗುರುವಿನ ಕಾಷಾಯವಸ್ತ್ರವನ್ನು ತಾವುಟ್ಟು, ತ್ರಿದಂಡವನ್ನು ಹಿಡಿದು, ತಾವೇ ರಾಮಾನುಜರೆಂಬಂತೆ ಭಟರೊಡನೆ ನಡೆದರು. ನೂರು ದಾಟಿದ ವೃದ್ಧರೂ ರಾಮಾನುಜರ ಗುರುಗಳೂ ಆದ ಮಹಾಪೂರ್ಣರು, ಎಂದರೆ ಪೆರಿಯ ನಂಬಿಗಳು, ಜೊತೆಗೂಡಿದರು. ಗೃಹಸ್ಥನ ಬಿಳಿಯ ಬಟ್ಟೆಯನ್ನುಟ್ಟ ರಾಮಾನುಜರನ್ನು ಶಿಷ್ಯರು ಪಶ್ಚಿಮದ ಕಾಡುಗಳ ಕಡೆಗೆ ಕರೆದೊಯ್ದರು.

ಆಸ್ಥಾನದಲ್ಲಿ ಆ ವಾಕ್ಯದ ಓಲೆಯನ್ನು ಕೂರೇಶರ ಮುಂದೆ ಹಿಡಿದರು. ಅವರು ಓದಿ, ಶ್ಲೇಷದ ಬಲದಿಂದ ಶಿವ ಎಂಬ ಪದಕ್ಕೆ ಧಾನ್ಯದ ಅಳತೆಯೆಂಬ ಅರ್ಥವನ್ನು ಹಚ್ಚಿ, ಅದಕ್ಕಿಂತ ದೊಡ್ಡ ಅಳತೆಯಾದ ದ್ರೋಣವೊಂದಿದೆಯಲ್ಲಾ ಎಂದು ಕೆಳಗೆ ಬರೆದರು. ನಮ್ಮ ರೂಢಿಯಲ್ಲಿ ಹೇಳುವುದಾದರೆ, ಸೇರಿಗಿಂತ ಕೊಳಗ ದೊಡ್ಡದೆಂದಂತೆ. ಪ್ರಾಣಸಂಕಟದಲ್ಲಿಯೂ ಕವಿಯ ಲೇಖನಿ ಹಾಸ್ಯವನ್ನು ಬಿಡಲಿಲ್ಲ. ಅದು ಶಿವನನ್ನು ಅಣಕಿಸಿದ ಮಾತೆಂದು ತಿಳಿಯಲಾಗದು; ಖಡ್ಗವನ್ನು ತೋರಿಸಿ ದೇವರ ಹಿರಿಮೆಗೆ ರುಜು ಕೇಳಿದವನನ್ನು ಅಣಕಿಸಿದ ಮಾತು. ದೊರೆ ಕೆರಳಿ ಇಬ್ಬರ ಕಣ್ಣುಗಳನ್ನೂ ಕೀಳುವಂತೆ ಆಜ್ಞೆಮಾಡಿದನು. ಇಂತಹವನನ್ನು ನೋಡಿದ ಕಣ್ಣುಗಳು ತಮಗೂ ಬೇಡವೆಂದು ಕೂರೇಶರು ತಾವೇ ಕಿತ್ತಿತ್ತರೆಂದು ಗುರುಪರಂಪರೆ ಹೇಳುತ್ತದೆ. ವೃದ್ಧರಾದ ಮಹಾಪೂರ್ಣರು ನೋವನ್ನು ತಾಳಲಾರದೆ ದಾರಿಯಲ್ಲಿಯೇ, ಕೂರೇಶರ ತೊಡೆಯ ಮೇಲೆ ತಲೆಯಿಟ್ಟು ದೇಹವನ್ನು ಬಿಟ್ಟರು.

ಆ ದೊರೆ ಒಂದನೆಯ ಕುಲೋತ್ತುಂಗನೆಂದು (1070–1122) ಹಲವರು, ಎರಡನೆಯ ಕುಲೋತ್ತುಂಗನೆಂದು ಕೆಲವರು ಊಹಿಸುತ್ತಾರೆ. ಒಂದನೆಯ ಕುಲೋತ್ತುಂಗನ ಆಳ್ವಿಕೆಯಲ್ಲಿಯೇ ವಿಷ್ಣುವಿನ ಆಲಯಗಳಿಗೆ ದತ್ತಿ ನಡೆದ ಶಾಸನಗಳೂ ಇವೆ. ಆದಕಾರಣ ಒಬ್ಬ ದೊರೆಯ ಹೆಸರಿಗೆ ಮಸಿ ಬಳಿಯುವ ಆತುರ ನಮಗೆ ಬೇಡ. ಸಂಪ್ರದಾಯವು ನೆನಪಿಟ್ಟುಕೊಂಡಿರುವ ನೋವೇ ನಮಗೆ ಮುಖ್ಯ.

ಇತ್ತ ರಾಮಾನುಜರು ಬೇಡರ ಆತಿಥ್ಯದಲ್ಲಿ ಕಾಡನ್ನು ದಾಟಿ, ಸಾಲಿಗ್ರಾಮದಲ್ಲಿ ವಡುಗ ನಂಬಿಯನ್ನು ಶಿಷ್ಯನನ್ನಾಗಿ ಪಡೆದು, ತೊಣ್ಣೂರಿನಲ್ಲಿ ತೊಂಡನೂರು ನಂಬಿಗಳ ಆಶ್ರಯಕ್ಕೆ ಬಂದರು. ಹೊಯ್ಸಳ ಬಿಟ್ಟಿದೇವನು ಅವರಿಗೆ ಶಿಷ್ಯನಾಗಿ ವಿಷ್ಣುವರ್ಧನನೆನಿಸಿದನೆಂಬ ಕಥೆಯೂ, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪ್ರತಿಷ್ಠೆಯಾದುದೂ ಸರ್ವವಿದಿತ. ಹೊಸ ನಾಡಿನಲ್ಲಿ ಮನ್ನಣೆ ದೊರೆಯಿತು. ಆದರೆ ಆಚಾರ್ಯರ ಮನಸ್ಸು ಶ್ರೀರಂಗದಲ್ಲಿಯೇ ಇದ್ದಿತು. ಕೂರೇಶರ ವರ್ತಮಾನವನ್ನು ತಿಳಿದುಬರಲು ಸಿರಿಯಾಂಡಾನ್ ಎಂಬ ಶಿಷ್ಯನನ್ನು ಕಳುಹಿಸಿದರು. ಅವನು ಮರಳಿ ತಂದ ಸುದ್ದಿಯನ್ನು ಕೇಳಿ ಆ ಧೀರಯತಿಗಳು ಬುಡ ಕಡಿದ ಮರದಂತೆ ಕುಸಿದು ಬಿದ್ದರಂತೆ. ತಮ್ಮ ಬಟ್ಟೆಯನ್ನುಟ್ಟವನ ಕಣ್ಣುಗಳು ಹೋದವು, ತಾವು ಉಳಿದೆವು ಎಂಬ ಕೊರಗು ಸಾಮಾನ್ಯವಾದುದೆ? ಶ್ರೀಭಾಷ್ಯವನ್ನು ಬರೆದ ಕೈಗೆ ಇನ್ನು ಓಲೆ ಕಾಣದೆಂದು ಶಿಷ್ಯಮಂಡಲಿಯೆಲ್ಲ ಶೋಕಿಸಿತು.

ಆದರೆ ಗಾಯಗೊಂಡವರು ಏನು ಮಾಡುತ್ತಿದ್ದರು? ಶ್ರೀರಂಗದ ಗುಡಿಯಲ್ಲಿ ರಾಮಾನುಜರ ಕಡೆಯವರಿಗೆ ಪ್ರವೇಶ ನಿಷಿದ್ಧವಾಗಿತ್ತು. ಕೂರೇಶರು ಸಜ್ಜನರೆಂದು ಕಾವಲಿನವರು ಒಳಗೆ ಬಿಡಲೊಪ್ಪಿದರೂ, ಗುರುವಿನ ಸಂಬಂಧವನ್ನು ಕಳಚಿಕೊಂಡು ದೊರೆಯುವ ದರ್ಶನವು ತಮಗೆ ಬೇಡವೆಂದು ಅವರು ಹೊಸ್ತಿಲಿನಿಂದಲೇ ಹಿಂದಿರುಗಿದರು. ಮಧುರೆಯ ಸಮೀಪದ ತಿರುಮಾಲಿರುಂಚೋಲೆಯ ಬೆಟ್ಟಕ್ಕೆ ಹೋಗಿ ನೆಲಸಿದರು. ಅಲ್ಲಿಯ ಸ್ವಾಮಿಗೆ ಸುಂದರಬಾಹುವೆಂದು ಹೆಸರು. ಕಣ್ಣಿಲ್ಲದ ಕವಿ ಆ ಮೂರ್ತಿಯ ಒಂದೊಂದು ಅವಯವದ ಚೆಲುವನ್ನೂ ನೂರಮೂವತ್ತಕ್ಕೆ ಮೇಲ್ಪಟ್ಟ ಶ್ಲೋಕಗಳಲ್ಲಿ ವರ್ಣಿಸಿದರು. ಅದೇ ಸುಂದರಬಾಹುಸ್ತವ. ವೈಕುಂಠಸ್ತವ, ಅತಿಮಾನುಷಸ್ತವ, ವರದರಾಜಸ್ತವ, ಶ್ರೀಸ್ತವ ಇವುಗಳೊಡನೆ ಸೇರಿ ಅವು ಪಂಚಸ್ತವಗಳೆಂದು ಪ್ರಖ್ಯಾತವಾಗಿವೆ.

ಹನ್ನೆರಡು ವರ್ಷಗಳು ಕಳೆದು, ಆ ದೊರೆಯೂ ಗತಿಸಿದ ಮೇಲೆ ರಾಮಾನುಜರು ಮೇಲುಕೋಟೆಯಿಂದ ಶ್ರೀರಂಗಕ್ಕೆ ಮರಳಿದರು. ಗುರುಶಿಷ್ಯರ ಸಮಾಗಮದಲ್ಲಿ ಕಂಬನಿ ಸುರಿಸಿದವರು ಗುರುಗಳು, ಸಂತೈಸಿದವರು ಶಿಷ್ಯರು. ಕಂಚಿಯ ವರದರಾಜನನ್ನು ಸ್ತುತಿಸಿ ಕಣ್ಣುಗಳನ್ನು ಬೇಡಬೇಕೆಂದು ಆಚಾರ್ಯರು ಅಪ್ಪಣೆಮಾಡಿದರು. ಕೂರೇಶರು ವರದರಾಜಸ್ತವವನ್ನು ಅರ್ಪಿಸಿದರು. ದೇವರು ಪ್ರಸನ್ನನಾಗಿ ವರವನ್ನು ಕೇಳೆಂದಾಗ ಅವರು ಬೇಡಿದುದು ಕಣ್ಣನ್ನಲ್ಲ. ತಮ್ಮ ಕಣ್ಣು ಹೋಗಲು ಕಾರಣನಾದ ನಾಲೂರಾನನಿಗೆ ತಮಗೆ ದೊರೆಯುವ ಸದ್ಗತಿಯೇ ದೊರೆಯಲೆಂದು ಬೇಡಿದರು! ಆಚಾರ್ಯರಿಗೆ ಮೊದಲು ಅಸಮಾಧಾನ, ಅನಂತರ ಪರಮಾನಂದ. ಇಂತಹವನ ಸಂಬಂಧವಿರುವ ತಮಗೂ ಮುಕ್ತಿ ನಿಶ್ಚಯವೆಂದು ಅವರು ಉತ್ತರೀಯವನ್ನು ಮೇಲಕ್ಕೆ ಹಾರಿಸಿದರೆಂದು ಸಂಪ್ರದಾಯವು ನೆನೆಯುತ್ತದೆ. ಕೊನೆಗೆ ದೇವರನ್ನೂ ಗುರುವನ್ನೂ ಕಾಣುವ ಮಟ್ಟಿನ ದೃಷ್ಟಿಯಷ್ಟೇ ಅವರಿಗೆ ಅನುಗ್ರಹವಾಯಿತಂತೆ. ಗುರುವಿಗಿಂತ ಮುಂಚೆಯೇ ಅವರು ದೇಹವನ್ನು ಬಿಟ್ಟರು. ಮುಂದೆ ಬರುವ ಗುರುವನ್ನು ಪರಮಪದದಲ್ಲಿ ಇದಿರುಗೊಳ್ಳುವುದಕ್ಕಾಗಿ.

ಕೂರೇಶರು ತಾವು ನಮ್ಮ ನಾಡಿಗೆ ಬಂದವರಲ್ಲ. ಆದರೆ ಅವರ ಮಗ ಪರಾಶರ ಭಟ್ಟರು ಮೇಲುಕೋಟೆಗೆ ಬಂದು, ಅಲ್ಲಿಯ ಪ್ರಸಿದ್ಧ ವೇದಾಂತಿಯೊಬ್ಬರನ್ನು ವಾದದಲ್ಲಿ ಗೆದ್ದರು. ಆ ವೇದಾಂತಿಯೇ ನಂಜೀಯರೆಂಬ ಹೆಸರಿನಿಂದ ಭಟ್ಟರಿಗೆ ಶಿಷ್ಯರಾಗಿ, ಅವರ ಅನಂತರ ಪೀಠವನ್ನು ಬೆಳಗಿದರು. ತಂದೆ ಕಣ್ಣಿತ್ತು ಗುರುವನ್ನು ಈ ನಾಡಿಗೆ ಕಳುಹಿದರೆ, ಮಗನಿಗೆ ಈ ನಾಡು ಉತ್ತರಾಧಿಕಾರಿಯನ್ನು ಒಪ್ಪಿಸಿತು. ಋಣವು ಹೀಗೂ ತೀರುವುದುಂಟು.

ವೀರಶೈವ ವಿದ್ಯಾಪೀಠವೊಂದರ ಸಂಚಿಕೆಯಲ್ಲಿ ಈ ಚರಿತ್ರೆ ಏಕೆಂದು ಕೆಲವರು ಶಂಕಿಸಬಹುದು. ಇಲ್ಲಿಯೇ ಇದನ್ನು ಓದುವುದು ಹೆಚ್ಚು ಉಚಿತವೆಂದು ನನ್ನ ಭಾವನೆ. ಕಾಳಹಸ್ತಿಯ ಬೇಡರ ಕಣ್ಣಪ್ಪನು ಶಿವನ ಕಣ್ಣಿನಲ್ಲಿ ರಕ್ತವನ್ನು ಕಂಡು ತನ್ನ ಕಣ್ಣನ್ನು ಕಿತ್ತಿಟ್ಟ ಕಥೆಯನ್ನು ಹರಿಹರಕವಿಯು ರಗಳೆಯಾಗಿ ಹಾಡಿದ್ದಾನೆ. ನಾವು ಬಾಲ್ಯದಿಂದ ಕೇಳಿ ಕಣ್ಣೀರಿಟ್ಟಿದ್ದೇವೆ. ಶಿವನಿಗೆ ಕಣ್ಣನ್ನು ಕೊಟ್ಟವನು ಶಿವಭಕ್ತನು. ಶಿವನ ಹೆಸರಿನಲ್ಲಿ ಇನ್ನೊಬ್ಬನ ಕಣ್ಣನ್ನು ಕಿತ್ತವನಿಗೆ ಆ ಹೆಸರು ಸಲ್ಲದು. ಶಿವವೆಂದರೆ ಮಂಗಳವೆಂದು ನಿಘಂಟು ಹೇಳುತ್ತದೆ. ಕಣ್ಣು ಕೀಳುವ ಕಾರ್ಯದಲ್ಲಿ ಮಂಗಳವೆಲ್ಲಿಯದು? ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೆ ಗುರಿಯಾದುದನ್ನು ನೆನೆದು ಮರುಗುವವರು ನಾವು. ಆ ನೋವನ್ನು ಅರಿತ ಎದೆಗೆ ಕೂರೇಶರ ನೋವು ಪರಕೀಯವಾಗಲಾರದು.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸಲ ತೊಣ್ಣೂರಿಗೆ ಹೋದಾಗ ಯೋಗನರಸಿಂಹನ ಗುಡಿಯ ಆ ವಿಗ್ರಹದ ಮುಂದೆ ಒಂದು ಗಳಿಗೆ ನಿಲ್ಲಿರಿ. ಹೆಡೆಗಳ ಕೆಳಗಿನ ಆಚಾರ್ಯರನ್ನು ನೋಡುವಾಗ, ಅವರಿಗಾಗಿ ಕಣ್ಣನ್ನು ತೆತ್ತು, ಅದಕ್ಕೆ ಕಾರಣನಾದವನಿಗೆ ಸದ್ಗತಿಯನ್ನು ಬೇಡಿದ ಕವಿಯನ್ನೂ ನೆನೆಯಿರಿ. ಗಾಯವನ್ನು ನೆನೆಯುವಾಗ ಗಾಯಗೊಂಡವರ ಕ್ಷಮೆಯನ್ನು ಮರೆತರೆ, ಆ ನೆನಪು ಹಗೆಯಾಗಿ ಬೆಳೆಯುತ್ತದೆ. ಕೂರೇಶರು ನಮಗೆ ಕಲಿಸಿದುದು ಬೇರೆಯ ಬಗೆಯ ನೆನಪನ್ನು. ಅದು ನಿಮ್ಮೆಲ್ಲರಲ್ಲಿ ನೆಲೆಗೊಳ್ಳಲಿ.