ಗಾಯಾಳುಗಳ ಬಂಧು ಹೆನ್ರಿ ಡ್ಯೂನಾಂಟ್

ಲೋಕಕ್ಕೆ ಉಪಕಾರ ಮಾಡಿದವರಲ್ಲಿ ಎರಡು ಬಗೆಯವರುಂಟು. ತಮ್ಮ ವಿದ್ಯೆಯಲ್ಲಿ ಪಾರಂಗತರಾಗಿ ಅದರಿಂದ ಜನಕ್ಕೆ ನೆರವಾದವರು ಕೆಲವರು. ಯಾವ ಸಿದ್ಧತೆಯೂ ಇಲ್ಲದೆ ಕಣ್ಣೆದುರಿನ ಸಂಕಟಕ್ಕೆ ಓಗೊಟ್ಟು, ಆ ಗಳಿಗೆಯಿಂದಲೇ ತಮ್ಮ ಬಾಳಿನ ದಾರಿ ಬದಲಾದವರು ಮತ್ತೆ ಕೆಲವರು. ರೆಡ್ ಕ್ರಾಸಿನ ಮೂಲಪುರುಷನಾದ ಹೆನ್ರಿ ಡ್ಯೂನಾಂಟ್ ಎರಡನೆಯ ಗುಂಪಿಗೆ ಸೇರಿದವನು. ಆತನು ವೈದ್ಯನಲ್ಲ, ಸೈನಿಕನಲ್ಲ, ರಾಜಕಾರಣಿಯೂ ಅಲ್ಲ. ಅದಕ್ಕಾಗಿಯೇ ಆತನ ಜೀವನ ನಮ್ಮಂಥ ಸಾಮಾನ್ಯರಿಗೆ ಹತ್ತಿರವಾದುದು.

ಡ್ಯೂನಾಂಟನು 1828ನೆಯ ಇಸವಿ ಮೇ 8ರಂದು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿ ಹುಟ್ಟಿದನು. ತಂದೆ ವ್ಯಾಪಾರಿ, ಅನಾಥರ ಮತ್ತು ಸೆರೆಯಿಂದ ಬಿಡುಗಡೆಯಾದವರ ಯೋಗಕ್ಷೇಮವನ್ನು ನೋಡುತ್ತಿದ್ದನು. ತಾಯಿ ಬಡವರ, ರೋಗಿಗಳ ಸೇವೆಯಲ್ಲಿ ತೊಡಗಿದ್ದವಳು. ಮಗನಿಗೆ ತಂದೆತಾಯಿಗಳ ಕರುಣೆ ಬಂದಿತೇ ಹೊರತು ಓದು ಅಷ್ಟಾಗಿ ಹತ್ತಲಿಲ್ಲ. ಅಂಕಗಳು ಸಾಲದೆ 1849ರಲ್ಲಿ ವಿದ್ಯಾಶಾಲೆಯನ್ನು ಬಿಟ್ಟು, ಹಣದ ವ್ಯವಹಾರದ ಒಂದು ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದನು. ಪರೀಕ್ಷೆಯ ಭಯದಲ್ಲಿರುವ ನನ್ನ ಸಹಪಾಠಿಗಳಿಗೆ ಇದರಿಂದ ತುಸು ಸಮಾಧಾನವಾದೀತು! ಆದರೆ ಬಿಡುವಿನ ವೇಳೆಯನ್ನು ಆತನು ಕಳೆದದ್ದು ಬಡವರ ಮನೆಗಳಲ್ಲಿ, ಸೆರೆಮನೆಗಳಲ್ಲಿ ಎಂಬುದನ್ನೂ ಮರೆಯಬಾರದು.

ಮುಂದೆ ಡ್ಯೂನಾಂಟನು ಆಫ್ರಿಕಾದ ಅಲ್ಜೀರಿಯಾದಲ್ಲಿ ಜಮೀನು ಮತ್ತು ಹಿಟ್ಟಿನ ಗಿರಣಿಯ ಉದ್ಯಮವನ್ನು ಹೂಡಿದನು. ಆ ನಾಡು ಆಗ ಫ್ರೆಂಚರ ಕೈಯಲ್ಲಿದ್ದಿತು. ನೀರಿನ ಹಕ್ಕಿನ ವಿಷಯದಲ್ಲಿ ಅಧಿಕಾರಿಗಳಿಂದ ಕೆಲಸವಾಗದಿರಲು, ಚಕ್ರವರ್ತಿ ಮೂರನೆಯ ನೆಪೋಲಿಯನ್ನನಿಗೇ ಅಹವಾಲು ಒಪ್ಪಿಸಬೇಕೆಂದು ಹೊರಟನು. ಚಕ್ರವರ್ತಿಯಾದರೋ ಆಗ ಉತ್ತರ ಇಟಲಿಯಲ್ಲಿ ಆಸ್ಟ್ರಿಯದ ಸೈನ್ಯದೊಡನೆ ಯುದ್ಧದಲ್ಲಿದ್ದನು. ಹೀಗೆ ಸ್ವಂತ ವ್ಯವಹಾರಕ್ಕೆಂದು ಹೋದ ಈ ವ್ಯಾಪಾರಿ, 1859ನೆಯ ಜೂನ್ 24ರ ಸಂಜೆ ಕಾಸ್ತಿಲ್ಯೋನೆ ಎಂಬ ಸಣ್ಣ ಊರನ್ನು ತಲುಪಿದನು. ಅದೇ ದಿನ ಹತ್ತಿರದ ಸಾಲ್ಫೆರಿನೋ ಬಯಲಿನಲ್ಲಿ ಘೋರ ಕದನ ನಡೆದು, ಸುಮಾರು 40,000 ಮಂದಿ ಸತ್ತೋ ಗಾಯಗೊಂಡೋ ಬಿದ್ದಿದ್ದರು.

ಗಾಯಾಳುಗಳು ಗಾಡಿಗಟ್ಟಲೆ ಆ ಊರಿಗೆ ಬಂದು ಬೀಳತೊಡಗಿದರು. ಇಗರ್ಜಿ, ಮಠ, ಮನೆ, ಬೀದಿ, ಎಲ್ಲೆಲ್ಲಿಯೂ ಹುಲ್ಲು ಹಾಸಿ ಅವರನ್ನು ಮಲಗಿಸಿದರು. ವೈದ್ಯರು ಬೆರಳೆಣಿಕೆಯಷ್ಟು ಮಂದಿ. ನೀರು ಇದ್ದಿತು, ಕೊಡುವವರಿಲ್ಲ. ಅನ್ನ ಇದ್ದಿತು, ಉಣಿಸುವವರಿಲ್ಲ. ಕಟ್ಟು ಕಟ್ಟುವವರಿಲ್ಲದೆ ಗಾಯಗಳಲ್ಲಿ ಹುಳು ಬಿದ್ದವು. ಬೇಸಗೆಯ ಬಿಳಿ ಉಡುಪಿನಲ್ಲಿದ್ದ ಈ ದಾರಿಹೋಕನು ತನ್ನ ಅಹವಾಲನ್ನು ಬದಿಗಿಟ್ಟು, ಊರಿನ ದೊಡ್ಡ ಇಗರ್ಜಿಯೊಳಕ್ಕೆ ಕಾಲಿಟ್ಟನು.

ಅಲ್ಲಿ ಆತನು ಮಾಡಿದ ಕೆಲಸವನ್ನು ನೋಡಿದರೆ ಅದರ ಸರಳತೆಯೇ ನಮ್ಮನ್ನು ಬೆರಗುಗೊಳಿಸುತ್ತದೆ. ಊರ ಹುಡುಗರನ್ನು ಕರೆದು ಬಕೆಟ್ಟುಗಳಲ್ಲಿ ನೀರು ತರುವ ಏರ್ಪಾಡು ಮಾಡಿದನು. ಹೆಂಗಸರನ್ನು ಗುಂಪುಗೂಡಿಸಿ, ಗಾಯ ತೊಳೆಯುವ, ಕಟ್ಟು ಕಟ್ಟುವ, ಉಣಿಸುವ ಕೆಲಸಗಳನ್ನು ಹಂಚಿದನು. ಗಾಡಿಯವನನ್ನು ಬ್ರೆಷಾ ಪಟ್ಟಣಕ್ಕೆ ಕಳುಹಿಸಿ ಬಟ್ಟೆಪಟ್ಟಿ, ಅಂಗಿ, ನಿಂಬೆಹಣ್ಣು, ಸಕ್ಕರೆ, ಹೊಗೆಸೊಪ್ಪುಗಳನ್ನು ತನ್ನ ಹಣದಿಂದ ತರಿಸಿದನು. ಸಾಯುವವರ ಕೊನೆಯ ಮಾತುಗಳನ್ನು ಮನೆಯವರಿಗೆ ಬರೆದುಕೊಂಡನು. ಬಿದ್ದವನು ಫ್ರೆಂಚನೋ ಆಸ್ಟ್ರಿಯದವನೋ ಎಂದು ಕೇಳಲಿಲ್ಲ. ಇದನ್ನು ಕಂಡ ಊರ ಹೆಂಗಸರೂ ಭೇದವೆಣಿಸದೆ ಎಲ್ಲರನ್ನೂ ಒಡಹುಟ್ಟಿದವರಂತೆಯೇ ಉಪಚರಿಸಿದರು.

ಆದರೆ ಡ್ಯೂನಾಂಟನ ದೊಡ್ಡತನವಿರುವುದು ಈ ಕರುಣೆಯೊಂದರಲ್ಲಿಯೇ ಅಲ್ಲ. ಕರುಣೆಯ ಕೊರತೆಯನ್ನೂ ಆತನು ಕಂಡುಕೊಂಡನು. ಮೊದಲ ದಿನಗಳ ಉತ್ಸಾಹ ಕೆಲವೇ ದಿನಗಳಲ್ಲಿ ಇಳಿಯಿತು. ದಣಿದ ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಮನಸ್ಸಿದ್ದವರಿಗೆ ಕೈಚಳಕವಿರಲಿಲ್ಲ. ಸಕಾಲದಲ್ಲಿ ನೆರವು ಸಿಕ್ಕಿದ್ದರೆ ಉಳಿಯಬಹುದಾಗಿದ್ದ ಎಷ್ಟೋ ಜೀವಗಳು ಕಣ್ಣೆದುರೇ ಹೋದವು. ಈ ಸಂಕಟವನ್ನು ಆತನು ಸಾಲ್ಫೆರಿನೋದ ನೆನಪು ಎಂಬ ಪುಸ್ತಕದಲ್ಲಿ ಬರೆದು, 1862ರಲ್ಲಿ ಸ್ವಂತ ಖರ್ಚಿನಿಂದ 1,600 ಪ್ರತಿಗಳನ್ನು ಅಚ್ಚು ಹಾಕಿಸಿ, ಯೂರೋಪಿನ ಪ್ರಮುಖರಿಗೆ ಹಂಚಿದನು. ಅದರಲ್ಲಿ ಆತನು ಮುಂದಿಟ್ಟ ಸೂಚನೆಗಳು ಎರಡು: ಶಾಂತಿಯ ಕಾಲದಲ್ಲಿಯೇ ಪ್ರತಿ ದೇಶದಲ್ಲೂ ಸ್ವಯಂಸೇವಕರನ್ನು ಸಿದ್ಧಗೊಳಿಸಿಡಬೇಕು, ಅವರಿಗೂ ಗಾಯಾಳುಗಳಿಗೂ ರಕ್ಷಣೆ ಕೊಡುವ ಒಪ್ಪಂದವೊಂದು ರಾಷ್ಟ್ರಗಳ ನಡುವೆ ಆಗಬೇಕು.

ಬಿತ್ತಿದ ಬೀಜ ಬೇಗನೆ ಮೊಳೆಯಿತು. 1863ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಐವರ ಸಮಿತಿಯೊಂದು ಕೂಡಿತು. ವಕೀಲ ಮುವಾನ್ಯೆ, ದಂಡನಾಯಕ ಡ್ಯುಫೂರ್, ವೈದ್ಯರಾದ ಆಪಿಯಾ ಮತ್ತು ಮೋನ್ವಾರ್, ಇವರೊಡನೆ ಡ್ಯೂನಾಂಟ್. ಇದೇ ರೆಡ್ ಕ್ರಾಸಿನ ಹುಟ್ಟು. 1864ನೆಯ ಆಗಸ್ಟ್ 22ರಂದು ಹನ್ನೆರಡು ರಾಜ್ಯಗಳು ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಬಿಳಿಯ ನೆಲದ ಮೇಲಣ ಕೆಂಪು ಶಿಲುಬೆ ಗಾಯಾಳುಗಳ ಸೇವೆಯ ಗುರುತಾಯಿತು.

ಇಷ್ಟಾಗುವ ಹೊತ್ತಿಗೆ ಡ್ಯೂನಾಂಟನ ಸ್ವಂತ ವ್ಯವಹಾರ ನೆಲಕಚ್ಚಿದ್ದಿತು. 1867ರಲ್ಲಿ ಆತನು ದಿವಾಳಿಯಾದನು. ನಂಬಿ ಹಣ ತೊಡಗಿಸಿದ್ದ ಬಂಧುಮಿತ್ರರೂ ನಷ್ಟಕ್ಕೊಳಗಾದರು. ಮರುವರ್ಷ ನ್ಯಾಯಾಲಯವೂ ಆತನನ್ನು ತಪ್ಪಿತಸ್ಥನೆಂದು ಹೇಳಿತು. ತಾನೇ ಕಟ್ಟಿದ ಸಮಿತಿಯಿಂದ ಹೊರಬೀಳಬೇಕಾಯಿತು. ಜಿನೀವಾವನ್ನು ಬಿಟ್ಟವನು ಮತ್ತೆ ಆ ಊರಿಗೆ ಕಾಲಿಡಲಿಲ್ಲ. ಪ್ಯಾರಿಸಿನಲ್ಲಿ ಮಾಸಿದ ಕೋಟಿಗೆ ಮಸಿ ಬಳಿದುಕೊಂಡು, ಹಸಿದ ಹೊಟ್ಟೆಯಲ್ಲಿ, ಕೆಲವೊಮ್ಮೆ ಬಯಲಿನಲ್ಲಿಯೇ ಮಲಗಿ ಕಾಲ ತಳ್ಳಿದನು. ಕೊನೆಗೆ 1887ರಲ್ಲಿ ಸ್ವಿಟ್ಜರ್‌ಲೆಂಡಿನ ಹೈಡನ್ ಎಂಬ ಹಳ್ಳಿಯನ್ನು ಸೇರಿದನು. ಅಲ್ಲಿಯ ಆಸ್ಪತ್ರೆಯ ಒಂದು ಕೋಣೆಯೇ 1892ರಿಂದ ಸಾಯುವವರೆಗೆ ಆತನ ಮನೆಯಾಯಿತು. ಲೋಕ ಆತನನ್ನು ಮರೆತೇಬಿಟ್ಟಿತ್ತು. 1895ರಲ್ಲಿ ಪತ್ರಕರ್ತನೊಬ್ಬನು ಆತನನ್ನು ಕಂಡು ಲೇಖನ ಬರೆದ ಮೇಲೆ ಮತ್ತೆ ಹೆಸರು ಬೆಳಕಿಗೆ ಬಂದಿತು. 1901ರಲ್ಲಿ ಶಾಂತಿಗಾಗಿ ಕೊಟ್ಟ ಮೊಟ್ಟಮೊದಲ ನೊಬೆಲ್ ಬಹುಮಾನವು ಆತನಿಗೂ ಫ್ರಾನ್ಸಿನ ಫ್ರೆಡರಿಕ್ ಪಾಸಿಗೂ ಸಂದಿತು. ಆ ಹಣವನ್ನು ಆತನು ತನ್ನ ಸುಖಕ್ಕೆ ಬಳಸಲಿಲ್ಲ. 1910ನೆಯ ಅಕ್ಟೋಬರ್ 30ರಂದು ತೀರಿಕೊಂಡಾಗ, ಹಳ್ಳಿಯ ಬಡರೋಗಿಗಳಿಗಾಗಿ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಸದಾ ಮೀಸಲಾಗಿರಲೆಂದು ಉಯಿಲಿನಲ್ಲಿ ಹಣ ಬಿಟ್ಟಿದ್ದನು.

ಆತನ ಆಲೋಚನೆ ರಣರಂಗಕ್ಕಷ್ಟೇ ನಿಲ್ಲಲಿಲ್ಲ. 1877ರಲ್ಲಿ ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ಸಂಘವೂ, 1882ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯ ಎಸ್ಮಾರ್ಕನೂ ಪ್ರಥಮ ಚಿಕಿತ್ಸೆಯನ್ನು ಸಾಮಾನ್ಯ ಜನರಿಗೆ ಕಲಿಸಲು ಮೊದಲಿಟ್ಟರು. ಭಾರತೀಯ ರೆಡ್ ಕ್ರಾಸ್ ಸಂಸ್ಥೆ 1920ರ ಕಾಯಿದೆಯಿಂದ ಸ್ಥಾಪಿತವಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿನಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ರಸ್ತೆಯಲ್ಲಿ ಯಾರಾದರೂ ಬಿದ್ದರೆ, ಓದಿದವನೆಂದು ಮೊದಲು ನನ್ನ ಮುಖ ನೋಡುತ್ತಾರೆ. ಬಿ.ಎ. ಪಾಠಗಳಲ್ಲಿ ಅದಕ್ಕೆ ಉತ್ತರವಿಲ್ಲ. ಡ್ಯೂನಾಂಟನ ಜೀವನವನ್ನು ಓದಿದ ಮೇಲೆ, ಉತ್ತರವನ್ನು ಮೊದಲೇ ಕಲಿತಿಡುವುದು ಓದಿದವನ ಹೊಣೆಯೆಂದು ನನಗೆ ತೋರಿದೆ. ಕಲಿಯಬೇಕಾದುದು ಬೆಟ್ಟದಷ್ಟೇನೂ ಇಲ್ಲ. ನೆರವಿಗೆ ಹೋಗುವವನು ಮೊದಲು ಸುತ್ತ ನೋಡಿ ತಾನು ಅಪಾಯಕ್ಕೆ ಸಿಲುಕದಂತೆ ಎಚ್ಚರ ವಹಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಿಸಬೇಕು. ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಕತ್ತು, ಬೆನ್ನಿಗೆ ಪೆಟ್ಟಾದವರನ್ನು ಅಗತ್ಯವಿಲ್ಲದೆ ಎತ್ತಾಡಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಅದು ಉಸಿರ ನಾಳಕ್ಕೆ ಇಳಿದೀತು. ಹಾವು ಕಚ್ಚಿದ ಜಾಗವನ್ನು ಕೊಯ್ಯದೆ, ಹಗ್ಗ ಬಿಗಿಯದೆ, ಆ ಅಂಗವನ್ನು ಅಲುಗಿಸದಂತಿರಿಸಿ ಆಸ್ಪತ್ರೆಗೆ ಒಯ್ಯಬೇಕು.

ಪೊಲೀಸು, ಕೋರ್ಟುಗಳ ಭಯದಿಂದ ಹಿಂಜರಿಯುವವರು ಬಹಳ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಡಬಾರದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೂ ಅವರಿಗೆ ರಕ್ಷಣೆ ದೊರಕಿತು. ಇನ್ನು ಉಳಿದದ್ದು ನಮ್ಮ ಸಿದ್ಧತೆ ಮಾತ್ರ. ಯೂತ್ ರೆಡ್ ಕ್ರಾಸ್ ಘಟಕಗಳ ಮೂಲಕ ಪ್ರತಿ ವರ್ಷವೂ ಕಾಲೇಜುಗಳಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯುವಂತಾಗಲೆಂದು ಗುರುಗಳಲ್ಲಿ ವಿನಂತಿ. ಪದವಿ ಪಡೆದು ನಾವು ನಮ್ಮ ನಮ್ಮ ಊರುಗಳಿಗೆ ಹಿಂದಿರುಗುವಾಗ, ಪ್ರಮಾಣಪತ್ರದೊಡನೆ ಒಂದು ಕಟ್ಟು ಕಟ್ಟಬಲ್ಲ ಕೈಗಳನ್ನೂ ಒಯ್ಯುವಂತಾಗಲಿ.