ಅಳೆದು ಗೆದ್ದ ನಿಕೊಲಾಸ್ ಒಟ್ಟೊ

ಮಕ್ಕಳೇ, ಗಲಗಲಿಯ ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ದಿನವೂ ಎಷ್ಟೊಂದು ಮೋಟಾರ್ ಸೈಕಲ್‌ಗಳು ಓಡಾಡುತ್ತವೆ! ಅವುಗಳ ಎಂಜಿನ್ನಿಗೆ ದಾರಿ ತೋರಿದವನು ಎಂಜಿನಿಯರಿಂಗ್ ಓದದ ಒಬ್ಬ ವ್ಯಾಪಾರಿ ಎಂದರೆ ನಂಬುತ್ತೀರಾ? ಆತನೇ ನಿಕೊಲಾಸ್ ಒಟ್ಟೊ.

ಒಟ್ಟೊ 1832ರಲ್ಲಿ ಜರ್ಮನಿಯ ಒಂದು ಹಳ್ಳಿಯಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡ. ದೊಡ್ಡವನಾದ ಮೇಲೆ ಊರೂರು ತಿರುಗಿ ಚಹಾ, ಸಕ್ಕರೆ ಮುಂತಾದ ದಿನಸಿಗಳನ್ನು ಮಾರುವ ಕೆಲಸಕ್ಕೆ ಸೇರಿದ.

1860ರಲ್ಲಿ ಪ್ಯಾರಿಸ್‌ನಲ್ಲಿ ಲೆನ್ವಾರ್ ಎಂಬಾತ ಅನಿಲದಿಂದ ಓಡುವ ಎಂಜಿನ್ ಮಾಡಿದ್ದ. ಅದು ಬಹಳ ಇಂಧನ ಕುಡಿಯುತ್ತಿತ್ತು. ಒಟ್ಟೊ ಅದನ್ನು ಸುಧಾರಿಸಲು ಹೊರಟ. ಆಲ್ಕೊಹಾಲ್‌ನಿಂದ ಓಡುವ ಎಂಜಿನ್ನಿಗೆ ಪೇಟೆಂಟ್ ಕೇಳಿದ, ಸಿಗಲಿಲ್ಲ. ಅನಿಲವನ್ನು ಒತ್ತಿ ಉರಿಸುವ ಎಂಜಿನ್ ಮಾಡಿದ. ಅದು ಸ್ವಲ್ಪ ಹೊತ್ತಿನಲ್ಲೇ ಮುರಿಯಿತು. ಆದರೂ ಆತ ಕೈಚೆಲ್ಲಲಿಲ್ಲ. 1864ರಲ್ಲಿ ಯೂಗನ್ ಲಾಂಗನ್ ಜೊತೆಯಾದ. ಇಬ್ಬರೂ ಸೇರಿ ಕಾರ್ಖಾನೆ ತೆರೆದರು.

1867ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಒಟ್ಟೊನ ಹೊಸ ಎಂಜಿನ್ ಗಡಗಡ ಸದ್ದು ಮಾಡುತ್ತಿತ್ತು. ನೋಡಿದವರಿಗೆ ಅದು ಹಿಡಿಸಲಿಲ್ಲ. ಆಗ ತೀರ್ಪುಗಾರರಲ್ಲಿ ಒಬ್ಬನಾದ ಫ್ರಾನ್ಜ್ ರೂಲೊ, ಯಾವ ಎಂಜಿನ್ ಎಷ್ಟು ಇಂಧನ ಉರಿಸುತ್ತದೆಂದು ಅಳೆಯಬೇಕೆಂದು ಪಟ್ಟುಹಿಡಿದ. ಅಳೆದು ನೋಡಿದರೆ ಅಚ್ಚರಿ! ಒಟ್ಟೊನ ಎಂಜಿನ್ ಇತರ ಎಂಜಿನ್‌ಗಳ ಅರ್ಧಕ್ಕಿಂತ ಕಡಿಮೆ ಅನಿಲದಲ್ಲಿ ಅಷ್ಟೇ ಕೆಲಸ ಮಾಡಿತ್ತು. ಚಿನ್ನದ ಪದಕ ಅದಕ್ಕೇ ಸಂದಿತು.

1876ರಲ್ಲಿ ಒಟ್ಟೊ ನಾಲ್ಕು ಹೊಡೆತಗಳ ಎಂಜಿನ್ ಸಿದ್ಧಪಡಿಸಿದ. ಪಿಸ್ಟನ್ನಿನ ಮೊದಲ ಹೊಡೆತದಲ್ಲಿ ಇಂಧನ ಮತ್ತು ಗಾಳಿ ಒಳಬರುತ್ತವೆ. ಎರಡನೆಯದರಲ್ಲಿ ಆ ಮಿಶ್ರಣ ಒತ್ತಲ್ಪಡುತ್ತದೆ. ಮೂರನೆಯದರಲ್ಲಿ ಅದು ಉರಿದು ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯದರಲ್ಲಿ ಸುಟ್ಟ ಅನಿಲ ಹೊರಹೋಗುತ್ತದೆ. ಇಂದಿನ ಮೋಟಾರ್ ಸೈಕಲ್‌ಗಳಲ್ಲಿ ನಡೆಯುವುದೂ ಇದೇ.

ಆದರೆ ಫ್ರಾನ್ಸಿನ ಬೊ ದ ರೊಷಾ ಇದೇ ವಿಚಾರವನ್ನು 1862ರಲ್ಲೇ ಬರೆದಿಟ್ಟಿದ್ದ. ಹಾಗಾಗಿ 1886ರಲ್ಲಿ ಜರ್ಮನಿಯಲ್ಲಿ ಒಟ್ಟೊನ ಪೇಟೆಂಟ್ ರದ್ದಾಯಿತು. ಬೊ ದ ರೊಷಾ ಕಾಗದದ ಮೇಲೆ ಬರೆದದ್ದನ್ನು ಓಡುವ ಯಂತ್ರವಾಗಿಸಿದವನು ಮಾತ್ರ ಒಟ್ಟೊ. 1891ರಲ್ಲಿ, 58ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.

ಒಟ್ಟೊ ಇಂಧನವನ್ನು ಅಳೆದ. ನಾವು ಹೊಗೆಯನ್ನೂ ಅಳೆಯಬೇಕು. ಪೆಟ್ರೋಲ್ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆ ತಪಾಸಣಾ ಕೇಂದ್ರದಲ್ಲಿ ಸೈಲೆನ್ಸರ್ ಒಳಗೆ ಕೊಳವೆ ಇಟ್ಟು, ಈ ಅನಿಲವನ್ನೂ ಉರಿಯದೆ ಉಳಿದ ಹೈಡ್ರೊಕಾರ್ಬನ್‌ಗಳನ್ನೂ ಅಳೆಯುತ್ತಾರೆ.

ಇನ್ನೊಂದು ಸ್ವಾರಸ್ಯ ಕೇಳಿ. ಒಟ್ಟೊ ಬಯಸಿದ್ದ ಆಲ್ಕೊಹಾಲ್ ಇಂದು ನಮ್ಮ ಕಬ್ಬಿನಿಂದಲೇ ತಯಾರಾಗುತ್ತದೆ. ಎಥನಾಲ್ ಎಂಬ ಹೆಸರಿನ ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿಗಿಂತ ಕಡಿಮೆ. ಇಂಧನ ಬದಲಾದಾಗ ಮತ್ತೆ ಅಳೆಯಬೇಕಾದುದು ಇದಕ್ಕಾಗಿಯೇ.

ನೀವೂ ಅಳೆಯಬಹುದು. ಅಪ್ಪ ಟ್ಯಾಂಕ್ ತುಂಬಿಸಿದಾಗ ಮೀಟರ್ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ತುಂಬಿಸಿದಾಗ ಹಿಡಿದ ಪೆಟ್ರೋಲ್ 2 ಲೀಟರ್, ಓಡಿದ ದೂರ 100 ಕಿಲೋಮೀಟರ್ ಎನ್ನಿ. ಲೀಟರಿಗೆ ಎಷ್ಟಾಯಿತು? ಲೆಕ್ಕ ಹಾಕಿ ಗೆಳೆಯರಿಗೆ ತೋರಿಸಿ.